ದೀಪ ಹಚ್ಚಿದ ಮೇಲೆ ನೆಟ್ಟು ಕೊಡಬಾರದು

ಪುಕ್ಕಟೆ ಸಿಕ್ಕಿದ್ದನ್ನು ಪಿತ್ರಾರ್ಜಿತ ಅಂದುಕೊಳ್ಳುವುದರಲ್ಲಿ ನಮ್ಮ ಬೀದಿಯವರನ್ನು ಮೀರಿಸಿದ ಜನರನ್ನು ನಾನು ಕಂಡಿಲ್ಲ. ನಾನೂ ಅದೇ ಬೀದಿಯವಳು, ಹಾಗಾಗಿ ಹೇಳುವ ಅಧಿಕಾರ ನನಗಿದೆ. ಚನ್ನರಾಯಪಟ್ಟಣಕ್ಕೂ ಹೊಳೆನರಸೀಪುರಕ್ಕೂ ನಡುವೆ, ಬಸ್ಸುಗಳು ಉಪಕಾರ ಮಾಡುವವರ ಹಾಗೆ ಬಂದು ಹೋಗುವ ಒಂದು ಹಳ್ಳಿ. ದೇವಸ್ಥಾನದ ಬೀದಿಯಲ್ಲಿ ನಮ್ಮ ಮನೆ. ಎಡಗಡೆ ಒಂದೇ ಗೋಡೆ ಹಂಚಿಕೊಂಡು ಅರ್ಚಕರ ಮನೆ. ಎದುರಿಗೆ ಅಂಗಡಿ ಯಜಮಾನರದು. ಮುಂದೆ ಅಂಗಡಿ, ಹಿಂದೆ ಸಂಸಾರ. ನಾನು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನನ್ನ ಗಂಡ ಗೊರೂರಿನ ನೀರಾವರಿ ಆಫೀಸಿನಲ್ಲಿ. ಸೋಮವಾರ ಹೋದರೆ ಶನಿವಾರ ಮುಖ ತೋರಿಸುವವರು. ಹಾಗಾಗಿ ಮನೆಯಲ್ಲಿ ಹೆಚ್ಚು ದಿನ ನಾನು, ನನ್ನ ಅತ್ತೆ, ಇಬ್ಬರೇ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಊರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಏನೋ ಹೊಸ ಯಂತ್ರ ಬಂತು, ಫೋನಿನ ತಂತಿಯಲ್ಲೇ ಇಂಟರ್ನೆಟ್ಟು ಕೊಡುತ್ತಾರೆ ಅಂತಾಯಿತು. ನನ್ನ ಗಂಡ ಯಾರಿಗೂ ಗೊತ್ತಾಗುವ ಮೊದಲೇ ಅರ್ಜಿ ಹಾಕಿದರು. ಲೈನ್‌ಮ್ಯಾನ್ ಬಂದು ತಂತಿ ಎಳೆದು, "ಈ ಬೀದಿಗೆ ಇದೊಂದೇ ಸಾ, ಇನ್ನು ಜಾಗ ಇಲ್ಲ," ಅಂದ. ಅಷ್ಟು ಸಾಕಾಯಿತು ಇವರಿಗೆ. ಹಾಸನದಿಂದ ಎರಡು ಕೊಂಬಿನ ಒಂದು ಡಬ್ಬ ತಂದು ನಡುಮನೆಯ ಗೂಡಿನಲ್ಲಿಟ್ಟು, ಸಂಜೆ ದೇವಸ್ಥಾನದ ಕಟ್ಟೆಯ ಮೇಲೆ ಕೂತು ಉಪನ್ಯಾಸ ಕೊಟ್ಟರು. ವೈರಿಲ್ಲದೆ ಬರುತ್ತೆ, ಗೋಡೆ ದಾಟಿ ಬರುತ್ತೆ, ಬೀದಿ ದಾಟಿ ಬರುತ್ತೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಗಾದೆ ಮಾಡಿದವರು ನನ್ನ ಗಂಡನನ್ನು ನೋಡಿಯೇ ಮಾಡಿರಬೇಕು.

ಬೆಳಗಾಗುವುದೇ ತಡ, ಅರ್ಚಕರು ಬಾಗಿಲಲ್ಲಿ. "ಅಲ್ಲಮ್ಮಾ ಟೀಚರಮ್ಮಾ, ಗೋಡೆ ನಮ್ಮಿಬ್ಬರದೂ ತಾನೆ? ಗೋಡೆ ದಾಟಿ ಬಂದದ್ದು ನಮಗೂ ಸೇರಬೇಕಾದ್ದೇ," ಅಂದರು. ಅವರು ನಗಲಿಲ್ಲ, ನಿಜವಾಗಿಯೇ ಹಾಗೆ ನಂಬಿದ್ದರು. ಅವರ ಹಿಂದೆಯೇ ಅಂಗಡಿ ಯಜಮಾನರು. "ಮೇಡಮ್ಮೋರೆ, ಗಾಳೀಲಿ ಓಗಾದಂತಲ್ಲ? ಗಾಳಿಗೆ ಯಾರ್ ಬೇಲಿ ಆಕ್ತಾರೆ? ನಮ್ಗೂ ಒಸಿ ಬುಡಿ." ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ಒಳಗಿನಿಂದಲೇ ಪಾಸ್‌ವರ್ಡು ಕೂಗಿ ಹೇಳಿದರು. ಪಾಸ್‌ವರ್ಡು ಏನು ಮಹಾ, ಊರದೇವರ ಹೆಸರು. ಕೇಳದಿದ್ದರೂ ಯಾರಾದರೂ ಹೇಳಬಹುದಿತ್ತು.

ಹೀಗೆ ಮೂರು ಮನೆಗೆ ಒಂದು ನೆಟ್ಟು. ಅದರಿಂದ ಊರು ಏನು ಉದ್ಧಾರವಾಯಿತು ಅಂತೀರಾ? ಅರ್ಚಕರು ದಿನಾ ಬೆಳಗ್ಗೆ ತಮ್ಮದೇ ದೇವಸ್ಥಾನದ ಫೋಟೋ ನೆಟ್ಟಿನಲ್ಲಿ ಹುಡುಕಿ ನೋಡುತ್ತಿದ್ದರು. ಇಪ್ಪತ್ತು ಹೆಜ್ಜೆ ನಡೆದರೆ ದೇವಸ್ಥಾನವೇ ಇದೆ, ಅದರೊಳಗೆ ದೇವರೂ ಇದ್ದಾನೆ. ಆದರೂ ಕಂಪ್ಯೂಟರಿನಲ್ಲಿ ನೋಡಿದರೇ ತೃಪ್ತಿ. ಬಂದ ಭಕ್ತರಿಗೆಲ್ಲ, "ನಮ್ಮ ನೆಟ್ಟಲ್ಲಿ ಬರುತ್ತೆ ನೋಡಿ," ಅನ್ನುತ್ತಿದ್ದರು. ನಮ್ಮ ನೆಟ್ಟಂತೆ! ಊರು ಬಿಟ್ಟು ಹೋದ ಭಕ್ತರಿಗೆಲ್ಲ ನೆಟ್ಟಿನಲ್ಲೇ ಕಾಗದ ಬರೆಸುವುದು ಬೇರೆ, ಪ್ರಸಾದ ಕಳಿಸುತ್ತೇವೆ, ನಂದಾದೀಪಕ್ಕೆ ಎಣ್ಣೆ ಕೊಡಿಸಿ ಅಂತ. ಬರೆಯುವವಳು ಅವರ ಸೊಸೆ. ಬೆರಳು ಅವಳದು, ಹೆಸರು ಮಾವನದು.

ಆ ಸೊಸೆಯ ವಿಷಯ ಇಲ್ಲೇ ಹೇಳಿಬಿಡಬೇಕು. ಅರಕಲಗೂಡಿನ ಹುಡುಗಿ, ಬಿಕಾಂ ಮಾಡಿದವಳು, ಮದುವೆಗೆ ಮುಂಚೆ ಅಲ್ಲೊಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದಳು. ಅಲ್ಲಿಂದಲೇ ಒಂದು ಹಳೇ ಲ್ಯಾಪ್‌ಟಾಪು ತಂದಿದ್ದಳು. ಅರ್ಚಕರ ದೇವರ ದರ್ಶನ ನಡೆಯುತ್ತಿದ್ದುದೂ ಅದರಲ್ಲೇ. ಒಂದು ದಿನ ಬೀದಿ ನಲ್ಲಿಯ ಹತ್ತಿರ ಕೊಡ ತುಂಬುವಾಗ ಮೆಲ್ಲಗೆ ನನ್ನ ಹತ್ತಿರ ಅಂದಳು, "ಅಕ್ಕಾ, ಬ್ಯಾಂಕಿನ ಕ್ಲರ್ಕ್ ಪರೀಕ್ಷೆಗೆ ಓದ್ತಿದೀನಿ. ಈ ಸಲದ್ದೇ ಕೊನೆ, ಮುಂದಿನ ಸಲಕ್ಕೆ ವಯಸ್ಸು ಮೀರುತ್ತೆ. ಮಾವನಿಗೆ ಗೊತ್ತಿಲ್ಲ. ಪಾಸಾದ ಮೇಲೆ ಹೇಳೋಣ ಅಂತ." ನಾನು ಏನಂದೆ ಗೊತ್ತೇ? "ಅರ್ಜಿ ಹಾಕಿದೋರೆಲ್ಲ ಕೌಂಟರಿನ ಒಳಗೆ ಕೂತ್ಬಿಟ್ರೆ ಹೊರಗೆ ಕ್ಯೂ ನಿಲ್ಲೋರು ಯಾರಮ್ಮ?" ಅಂದೆ. ತಮಾಷೆಗೇ ಅಂದದ್ದು. ಅವಳು ನಕ್ಕಳು, ಕೊಡ ಎತ್ತಿಕೊಂಡು ಹೋದಳು. ಆಮೇಲೆ ಆ ವಿಷಯ ನನ್ನ ಹತ್ತಿರ ಎತ್ತಲಿಲ್ಲ.

ಇನ್ನು ನನ್ನ ಅತ್ತೆ. ಅವರು ಓದಿದ್ದು ನಾಲ್ಕನೇ ಕ್ಲಾಸು. ಅವರ ಲೆಕ್ಕದಲ್ಲಿ ಜಗತ್ತು ನಿಂತಿರುವುದು ಮಡಿ, ಮುಸುರೆ, ಹೊತ್ತುಗೊತ್ತಿನ ಮೇಲೆ. ಮಂಗಳವಾರ ಶುಕ್ರವಾರ ದೀಪ ಹಚ್ಚಿದ ಮೇಲೆ ಮನೆಯಿಂದ ಹಾಲು, ಮೊಸರು, ಹೆಪ್ಪು, ಉಪ್ಪು, ಏನೂ ಆಚೆ ಹೋಗಬಾರದು. ಲಕ್ಷ್ಮಿ ಒಳಗೆ ಬರುವ ಹೊತ್ತು, ಕೊಟ್ಟರೆ ಅವಳೂ ಜೊತೆಗೇ ಎದ್ದು ಹೋಗುತ್ತಾಳೆ. ಡಬ್ಬ ಬಂದ ಮೊದಲನೇ ಶುಕ್ರವಾರವೇ ಕೇಳಿದರು, "ಏನೇ, ಇದು ನಮ್ಮನೇದು ಅವರ ಮನೆಗೆ ಹೋಗುತ್ತೆ ಅಂತೀಯ, ಹೊತ್ತುಗೊತ್ತು ನೋಡುತ್ತೋ ಇಲ್ವೋ?" ನಾನು ಬಿದ್ದು ಬಿದ್ದು ನಕ್ಕೆ. "ಅತ್ತೆ, ಅದು ಬರೀ ತರಂಗ. ಹಾಲಲ್ಲ, ಮೊಸರಲ್ಲ," ಅಂದೆ. ಅವರು ನನ್ನ ಜೊತೆ ವಾದಕ್ಕೆ ಬರಲಿಲ್ಲ. ಅಂದು ದೀಪ ಹಚ್ಚಿ, ಕೈ ಮುಗಿದು, ನೆಟ್ಟಗೆ ಗೂಡಿನ ಹತ್ತಿರ ಹೋಗಿ ಡಬ್ಬದ ಸ್ವಿಚ್ಚು ಆರಿಸಿದರು. ಅವತ್ತಿನಿಂದ ವಾರಕ್ಕೆರಡು ಸಂಜೆ ಮೂರು ಮನೆಗೂ ನೆಟ್ಟಿಲ್ಲ. ಅರ್ಚಕರು ಶಾಸ್ತ್ರದ ಮಾತೆಂದು ತುಟಿ ಬಿಚ್ಚುವ ಹಾಗಿರಲಿಲ್ಲ. ಅಂಗಡಿ ಯಜಮಾನರಂತೂ, "ಅಮ್ಮೋರು ಯೋಳಿದ್ ಮ್ಯಾಲೆ ಆಯ್ತು ಕಣ," ಅಂದುಬಿಟ್ಟರು. ಅವರೂ ಅಂಗಡಿಯಲ್ಲಿ ದೀಪ ಹಚ್ಚಿದ ಮೇಲೆ ಉಪ್ಪು ಸಾಲ ಕೊಡುತ್ತಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ನಾನು ಈ ಕತೆ ಹೇಳಿ ಹೇಳಿ ನಗಿಸಿದ್ದಕ್ಕೆ ಲೆಕ್ಕವಿಲ್ಲ. ನಮ್ಮತ್ತೆ ವೈಫೈಗೂ ಹೆಪ್ಪು ಹಾಕುತ್ತಾರೆ ಅಂತ. ಅವರ ಶಾಸ್ತ್ರದ ಕಿಂಡಿಗಳ ಬಗ್ಗೆಯೂ ಹೇಳುತ್ತಿದ್ದೆ. ಶುಕ್ರವಾರ ಸಂಜೆ ಯಾರಾದರೂ ಮೊಸರಿಗೆ ಬಂದರೆ ಅತ್ತೆ ಇಲ್ಲ ಅನ್ನುತ್ತಿರಲಿಲ್ಲ. ಒಳಗೆ ಕರೆದು, ಮಣೆ ಹಾಕಿ, ಎಲೆಗೆ ಮೊಸರನ್ನ ಬಡಿಸುತ್ತಿದ್ದರು. "ಹೊಸಲು ದಾಟಿದರೆ ತಾನೆ ಹೋಗೋದು? ಒಳಗೆ ಕೂತು ಉಂಡರೆ ಲಕ್ಷ್ಮಿಗೇನು ಕಷ್ಟ?" ಅನ್ನುವರು. ಒಂದು ಲೋಟ ಮೊಸರು ಉಳಿಸಲು ಒಂದು ಊಟ ಹಾಕುವ ಈ ಬುದ್ಧಿವಂತಿಕೆಗೆ ನಾನು ಕೈ ಮುಗಿಯುತ್ತಿದ್ದೆ.

ಆ ವರ್ಷ ಹತ್ತನೇ ಕ್ಲಾಸಿನ ಮಕ್ಕಳಿಗೆ ಮಂಗಳವಾರ ಶುಕ್ರವಾರವೇ ನನ್ನ ಸ್ಪೆಷಲ್ ಕ್ಲಾಸು. ಮನೆಗೆ ಬರುವಾಗ ಏಳೂವರೆ. ಬಂದರೆ ಡಬ್ಬ ಆರಿರುತ್ತಿತ್ತು, ಸರಿಯೇ. ಆದರೆ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಆರಿಸಿದ್ದು ಇಷ್ಟು ಹೊತ್ತು ಬೆಚ್ಚಗಿರುತ್ತದೆಯೇ? ಅತ್ತೆಗೆ ಮರೆವು ಶುರುವಾಗಿದೆ, ನನ್ನ ಹೆಜ್ಜೆ ಸಪ್ಪಳ ಕೇಳಿ ಓಡಿಬಂದು ಆರಿಸುತ್ತಾರೆ ಅಂದುಕೊಂಡೆ. ಗೂಡಿನ ಕೆಳಗೆ ಒಂದು ಮಣೆ ಬೇರೆ. ಲಕ್ಷ್ಮಿಯನ್ನು ಕಾಯಲು ಅಲ್ಲೇ ಕೂರುತ್ತಾರೇನೋ ಅಂತ ನಗು ಬಂತು. ಒಂದು ದಿನ ಊಟದ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಕೇಳಿದರು, "ಒಬ್ಬಳು ಫೋಟೋ ತೋರಿಸಿ, ಇವನ ತಾಯಿ ನನ್ನ ತಾಯಿಗೆ ಒಬ್ಬಳೇ ಮಗಳು ಅಂದಳಂತೆ. ಅವನು ಅವಳಿಗೆ ಏನಾಗಬೇಕು ಹೇಳು ನೋಡೋಣ?"

"ಯಾರ ಮನೆ ಸುದ್ದಿ ಅತ್ತೆ ಇದು? ಕಂಡವರ ಸಂಬಂಧ ಕಟ್ಟಿಕೊಂಡು ನಮಗೇನು?" ಅಂದೆ.

"ಮಗ ಕಣೇ! ಅಷ್ಟು ಗೊತ್ತಾಗಲ್ವಾ?" ಅಂತ ಗೆದ್ದವರ ಹಾಗೆ ಸಾರು ಬಡಿಸಿದರು. ವಯಸ್ಸಾಯಿತು, ಪಾಪ, ಅಂದುಕೊಂಡೆ. ನಾನು ಬಹಳ ತಿಳಿದವಳು ನೋಡಿ.

ಎಲ್ಲ ಕೆಟ್ಟದ್ದು ಫೆಬ್ರವರಿಯಲ್ಲಿ. ಅತ್ತೆಗೆ ಕಣ್ಣಿನ ಪೊರೆ ಬಂದಿತ್ತು, ಆಪರೇಷನ್ನಿಗೆ ಬುಧವಾರ ಹಾಸನಕ್ಕೆ ಕರೆದುಕೊಂಡು ಹೋದರು ನನ್ನ ಗಂಡ. ನಾಲ್ಕು ದಿನ ಅಲ್ಲೇ ನಾದಿನಿಯ ಮನೆಯಲ್ಲಿ. ಗುರುವಾರ ಬೆಳಗ್ಗೆ ಸ್ಕೂಲಿನಲ್ಲಿ ಪ್ರಾರ್ಥನೆ ನಡೆಯುತ್ತಿದೆ, ಹೆಡ್‌ಮಾಸ್ಟರ ಜೇಬಿನಿಂದ ಒಂದು ಹಾಡು. ಹಾಡೋ ಅದು! ಕೇಳಿದರೆ ಕಿವಿ ತೊಳೆದುಕೊಳ್ಳಬೇಕು. ಮಕ್ಕಳೆಲ್ಲ ಕಿಸಕ್ಕನೆ ನಕ್ಕವು. ಆಮೇಲೆ ಅವರು ನಾಚಿಕೆಯಿಲ್ಲದೆ ನನಗೇ ಹೇಳಿದರು, "ನಿಮ್ಮ ಬೀದಿ ಅಂಗಡೀಲೇ ಹಾಕ್ಸಿದ್ದು ಮೇಡಂ. ನಿಮ್ಮನೆ ನೆಟ್ಟಂತಲ್ಲ? ಬಾಗೂರಿಂದಲೂ ಬಂದು ಹಾಕಿಸಿಕೊಂಡು ಹೋಗ್ತಾರಂತೆ."

ಸಂಜೆ ಮನೆಗೆ ಹೋಗುತ್ತಾ ಅಂಗಡಿಯ ಮುಂದೆ ನಿಂತು ನೋಡಿದೆ. ಬೆಲ್ಲದ ಡಬ್ಬಿಗಳ ಮೇಲೆ ರಟ್ಟಿನ ಬೋರ್ಡು: ಮೊಬೈಲಿಗೆ ಹಾಡು, ಸಿನಿಮಾ ಹಾಕಿಕೊಡಲಾಗುವುದು. ನನ್ನ ನೆಟ್ಟು, ಅವರ ವ್ಯಾಪಾರ! ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ರಾತ್ರಿ ನಾನು ಮನೆಯ ಕಂಪ್ಯೂಟರಿನಲ್ಲಿ ಪ್ರಶ್ನೆಪತ್ರಿಕೆ ತೆಗೆಯಲು ಹೋದರೆ ಅರ್ಧ ಗಂಟೆ ಗಿರ್ರನೆ ತಿರುಗುತ್ತಿದ್ದುದು ಇದಕ್ಕೇ! "ಇದೇನು ಯಜಮಾನ್ರೇ?" ಅಂದೆ. "ಅಯ್ ಬುಡಿ ಮೇಡಮ್ಮೋರೆ, ಗಾಳೀಲಿ ಬರಾದು, ಅದ್ಕೂ ಲೆಕ್ಕ ಕೇಳ್ತೀರಲ್ಲ," ಅಂದು ಅಡಿಕೆ ಕತ್ತರಿಸುವುದನ್ನು ಮುಂದುವರಿಸಿದರು. ಪಕ್ಕದ ಜಗಲಿಯಲ್ಲಿದ್ದ ಅರ್ಚಕರು ಕೂತಲ್ಲಿಂದಲೇ ತೀರ್ಪು ಕೊಟ್ಟರು: "ವಿದ್ಯೆ, ಗಾಳಿ, ನೀರು, ಇವು ಹಂಚಿದಷ್ಟೂ ಹೆಚ್ಚು ಕಣಮ್ಮಾ." ತಮ್ಮ ಬಾವಿಯಿಂದ ಯಾರಿಗೂ ಒಂದು ಕೊಡ ನೀರು ಸೇದಲು ಬಿಡದ ಮಹಾನುಭಾವರು!

ನನಗೆ ಮೈ ಉರಿದು ಹೋಯಿತು. ಮನೆಗೆ ಬಂದವಳು ಚೀಲ ಕೂಡ ಇಳಿಸಲಿಲ್ಲ, ಪಾಸ್‌ವರ್ಡು ಬದಲಾಯಿಸಿದೆ. ಯಾವ ದೇವರ ಹೆಸರೂ ಅಲ್ಲ, ಒಂದು ರಾಸಾಯನಿಕದ ಸೂತ್ರ. ಬಂದು ಕೇಳಲಿ, ನೋಡೋಣ ಅಂದುಕೊಂಡೆ. ಬೀದಿಯವರಿಗೆಲ್ಲ ಒಂದು ಪಾಠ ಕಲಿಸಿದೆ ಅಂತ ಅವತ್ತು ಎರಡು ತುತ್ತು ಹೆಚ್ಚಾಗಿಯೇ ಉಂಡೆ.

ಮರುದಿನ ಶುಕ್ರವಾರ. ಬೆಳಗ್ಗೆಯಿಂದ ಕರೆಂಟಿಲ್ಲ, ಎಲ್ಲೋ ಲೈನು ಕೆಲಸ ಅಂತ. ಕತ್ತಲಲ್ಲಿ ಪಾಠ ಏನು ಅಂತ ಸ್ಪೆಷಲ್ ಕ್ಲಾಸು ಬಿಟ್ಟು ಬೇಗ ಮನೆಗೆ ಬಂದೆ. ಆರು ಗಂಟೆ ದಾಟಿದ ಮೇಲೆ ಕರೆಂಟು ಬಂತು. ಡಬ್ಬ ಹೊತ್ತಿಕೊಂಡಿತು. ನಾನು ದೀಪ ಹಚ್ಚಿ ತಿರುಗುವಷ್ಟರಲ್ಲಿ ಹಿತ್ತಿಲ ಬಾಗಿಲು ತಟ್ಟಿದ ಸದ್ದು. ತೆಗೆದರೆ ಅರ್ಚಕರ ಸೊಸೆ. ಸೆರಗಿನೊಳಗೆ ಲ್ಯಾಪ್‌ಟಾಪು, ಕೈಯಲ್ಲಿ ಒಂದು ಚಲನ್. ಮುಂದಿನ ಬಾಗಿಲು ಬಿಟ್ಟು ಇವಳು ಕಳ್ಳಿಯ ಹಾಗೆ ಹಿತ್ತಿಲಿಗೆ ಯಾಕೆ ಬಂದಳು ಅಂತ ಅದಕ್ಕೂ ಸಿಟ್ಟು ಬಂತು.

"ಅಕ್ಕಾ, ನೆಟ್ಟು ಸಿಗ್ತಿಲ್ಲ. ನಿನ್ನೆ ಸಂಜೆಯಿಂದ ಪಾಸ್‌ವರ್ಡು ತಗೊಳ್ತಿಲ್ಲ. ಬ್ಯಾಂಕಿನ ಅರ್ಜಿಗೆ ಇವತ್ತೇ ಕೊನೆ. ನಿನ್ನೆ ಚನ್ನರಾಯಪಟ್ಟಣಕ್ಕೆ ಹೋಗಿ ಫೀಸು ಕಟ್ಟಿ ಬಂದಿದೀನಿ, ಈ ನಂಬರು ಹಾಕಿ ಕಳಿಸೋದೊಂದೇ ಬಾಕಿ. ಕಾಲು ಗಂಟೆ ಸಾಕು," ಅಂದಳು. ಉಸಿರು ಬಿಡದೆ ಹೇಳಿದಳು.

ಪಾಸ್‌ವರ್ಡು ಹೇಳಲು ನನಗೆ ಎಷ್ಟು ಹೊತ್ತು ಬೇಕಿತ್ತು? ಆದರೆ ಹೇಳಿದರೆ ಅವಳ ಮಾವನಿಗೆ ಗೊತ್ತಾಗುತ್ತೆ, ಮಾವನಿಂದ ಅಂಗಡಿಗೆ, ನಾಳೆ ಬೆಳಗ್ಗೆ ಮತ್ತೆ ಹಾಡು, ಮತ್ತೆ ನಮ್ಮ ನೆಟ್ಟು. ಸೋಲುವುದಕ್ಕೆ ನಾನು ತಯಾರಿರಲಿಲ್ಲ. ಕೊಡಲ್ಲ ಅಂತ ಮುಖಕ್ಕೆ ಹೇಳುವ ಧೈರ್ಯವೂ ಇರಲಿಲ್ಲ. ಆಗ ನನ್ನ ನಾಲಿಗೆಗೆ ಬಂದದ್ದು ಅತ್ತೆಯ ಶಾಸ್ತ್ರ. ವರ್ಷವಿಡೀ ನಾನು ನಕ್ಕ ಶಾಸ್ತ್ರ!

"ಶುಕ್ರವಾರ ಕಣಮ್ಮಾ. ದೀಪ ಹಚ್ಚಾಯ್ತು. ಅತ್ತೆ ಕೊಡಬೇಡ ಅಂತ ಹೇಳಿಯೇ ಹೋಗಿದಾರೆ," ಅಂದೆ.

ಅವಳು ನನ್ನ ಮುಖ ನೋಡಿದಳು. "ದೊಡ್ಡಮ್ಮ ಹಾಗಂದ್ರಾ?" ಅಂದಳು.

"ಹೂಂ. ಹಿರಿಯರ ಮಾತು, ನಾನೇನು ಮಾಡಲಿ?"

ಅವಳ ಕಣ್ಣು ನನ್ನ ಭುಜದಾಚೆಗೆ ಹೋಯಿತು. ಗೂಡಿನಲ್ಲಿ ಡಬ್ಬದ ಹಸಿರು ದೀಪ ಮಿಣುಕುತ್ತಿತ್ತು, ಕೆಳಗೆ ಆ ಮಣೆ ಇತ್ತು. ಮಣೆಯನ್ನೇ ಒಂದು ಗಳಿಗೆ ನೋಡಿದಳು. "ಸರಿ ಅಕ್ಕ," ಅಂದಳು. ಬೇಡಲಿಲ್ಲ, ಅಳಲಿಲ್ಲ. ನಾನು ಬಾಗಿಲು ಹಾಕಿ, ಹೇಳಿದ ಸುಳ್ಳು ನಿಜವಾಗಲಿ ಅಂತ ಡಬ್ಬ ಆರಿಸಿದೆ.

ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ನೋಡಿದರೆ ಅವಳು ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋಗುತ್ತಿದ್ದಳು. ಹೊಳೆನರಸೀಪುರದಲ್ಲಿ ಸೈಬರ್ ಸೆಂಟರ್ ಇತ್ತು, ನಿಜ. ಆದರೆ ಕೊನೇ ಬಸ್ಸು ಆರಕ್ಕೇ ಹೋಗಿಯಾಗಿತ್ತು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಾನು ಕಿಟಕಿ ಬಿಟ್ಟು ಏಳಲಿಲ್ಲ, ಕೂಗಿ ಕರೆಯಲೂ ಇಲ್ಲ. ಮುಕ್ಕಾಲು ಗಂಟೆಯ ಮೇಲೆ ಅದೇ ಚೀಲ ಹೊತ್ತು ವಾಪಸು ಬಂದಳು. ದೇವಸ್ಥಾನದಲ್ಲಿ ಮಂಗಳಾರತಿಯ ಗಂಟೆ ಹೊಡೆಯುತ್ತಿತ್ತು, ಅವಳ ಗಂಡನೂ ಮಾವನೂ ಅಲ್ಲೇ. ಅವಳು ಚಪ್ಪಲಿ ಬಿಟ್ಟು ಒಳಗೆ ಹೋಗಿ ದೀಪ ಹಾಕಿದಳು.

ಅತ್ತೆ ಭಾನುವಾರ ಬಂದರು. ಕಪ್ಪು ಕನ್ನಡಕ, ಕೈಯಲ್ಲಿ ಕಣ್ಣಿಗೆ ಹಾಕುವ ಔಷಧಿಯ ಚೀಲ. ಕಾಲು ತೊಳೆದುಕೊಂಡು ಬಂದು ಕೂತವರು ಮೊದಲು ಕೇಳಿದ್ದು ಕಾಫಿಯನ್ನಲ್ಲ.

"ಪಕ್ಕದ ಮನೆ ಹುಡುಗಿ ಅರ್ಜಿ ಹಾಕಿದ್ಲೇನೇ? ಶುಕ್ರವಾರ ಕೊನೆ ಅಂತಿದ್ಲು."

"ನಿಮಗೆ ಹೇಗೆ ಗೊತ್ತು?" ಅಂದೆ.

"ಅಯ್ಯೋ, ಹೇಗೆ ಗೊತ್ತು ಅಂದ್ರೆ? ಮಂಗಳವಾರ ಶುಕ್ರವಾರ ಇಲ್ಲೇ ಕೂತು ಓದ್ತಿದ್ದದ್ದಲ್ವಾ. ಅವರ ಮನೇಲಿ ಇವಳಿಗೆ ಓದೋಕೆ ಬಿಟ್ಟರೆ ತಾನೆ? ಆ ಎರಡು ಸಂಜೆ ಪೂಜೆ ಜಾಸ್ತಿ, ಗಂಡಸರು ದೇವಸ್ಥಾನ ಬಿಟ್ಟು ಬರಲ್ಲ. ಹಿತ್ತಿಲಿಂದ ಬಾ, ಒಳಗೆ ಕೂತ್ಕೊಂಡು ಬಳಸಿದ್ರೆ ಆಚೆ ಕೊಟ್ಟ ಹಾಗಾಗಲ್ಲ ಅಂತ ನಾನೇ ಹೇಳಿದ್ದೆ. ಅವಳು ಬಂದಾಗ ಡಬ್ಬ ಹಾಕೋದು, ಹೋದಾಗ ಆರಿಸೋದು. ಎಂಥೆಂಥ ಲೆಕ್ಕ ಅಂತೀಯ! ಸಂಬಂಧದ ಲೆಕ್ಕ ಮಾತ್ರ ನಾನೇ ಹೇಳಿಕೊಡ್ತಿದ್ದೆ ಅವಳಿಗೆ." ಅತ್ತೆ ನಕ್ಕರು. "ಅಕ್ಕನ ಹತ್ತಿರ ಹೇಳಬೇಡಿ ದೊಡ್ಡಮ್ಮ, ನಗ್ತಾರೆ ಅಂತಿದ್ಲು. ಹಾಕಿದ್ಲಾ?"

ಸುಳ್ಳು ಹೇಳೋಣವೆಂದರೆ ಇನ್ನೊಂದು ಸುಳ್ಳು ಉಳಿದಿರಲಿಲ್ಲ. ಬಂದಿದ್ದಳು, ನಾನು ಕೊಡಲಿಲ್ಲ ಅಂದೆ. ನೀವು ಬೇಡ ಅಂದಿರಿ ಅಂತ ಹೇಳಿದೆ ಅಂತಲೂ ಹೇಳಿದೆ.

ಅತ್ತೆಯ ಕಣ್ಣು ಕಪ್ಪು ಗಾಜಿನ ಹಿಂದಿತ್ತು, ನನಗೆ ಕಾಣಲಿಲ್ಲ. ಬಯ್ಯುತ್ತಾರೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು, ಎದುರು ಮಾತಾಡುವುದು ನನಗೆ ಗೊತ್ತಿದೆ. ಔಷಧಿಯ ಚೀಲ ಪಕ್ಕಕ್ಕಿಟ್ಟು, "ಹೋಗೋ ದಿನ ನಿನಗೆ ಹೇಳಿಹೋಗೋಣ ಅಂತಲೇ ಇದ್ದೆ, ಅವಳು ಬಂದ್ರೆ ಒಳಗೆ ಕೂರಿಸ್ಕೋ ಅಂತ. ಆಮೇಲೆ, ಓದಿದವಳು, ಇವಳಿಗೆ ನಾನೇನು ಹೇಳೋದು ಅಂತ ಸುಮ್ಮನಾದೆ," ಅಂದರು.

ಸೋಮವಾರ ನಾನು ಪಾಸ್‌ವರ್ಡು ಚೀಟಿಯಲ್ಲಿ ಬರೆದು ಪಕ್ಕದ ಮನೆಗೆ ಕೊಟ್ಟು ಬಂದೆ. ಅರ್ಚಕರು ಇಸಿದುಕೊಂಡು, "ಅಂತೂ ಬುದ್ಧಿ ಬಂತಲ್ಲಮ್ಮ," ಅಂದರು. ನಾನು ತಲೆ ತಗ್ಗಿಸಿ ಬಂದೆ. ಎದುರು ಅಂಗಡಿಯಲ್ಲಿ ಆ ಸಂಜೆಯೇ ಮತ್ತೆ ಹಾಡು ಶುರು. ಕೊಡಬಾರದವರಿಗೆಲ್ಲ ನೆಟ್ಟು ಸಿಕ್ಕಿತು.

ಮಂಗಳವಾರ ಸ್ಪೆಷಲ್ ಕ್ಲಾಸಿಗೆ ಹೋಗಲು ಮನಸ್ಸಾಗಲಿಲ್ಲ. ಅತ್ತೆ ತಡವರಿಸುತ್ತಾ ದೀಪ ಹಚ್ಚಿದರು. ಡಬ್ಬ ಆರಿಸಲಿಲ್ಲ. ಹಿತ್ತಿಲ ಬಾಗಿಲ ಚಿಲಕ ತೆಗೆದು, ಗೂಡಿನ ಕೆಳಗೆ ಮಣೆ ಹಾಕಿ, ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತರು. ಕಾಯಿ ಬಿಡಿಸಿ ಮುಗಿಯಿತು. ದೇವಸ್ಥಾನದಲ್ಲಿ ಮಂಗಳಾರತಿಯೂ ಆಯಿತು. ಗೋಡೆಯಾಚೆ ಅವಳು ಪಾತ್ರೆ ತೊಳೆಯುವ ಸದ್ದು ಕೇಳುತ್ತಲೇ ಇತ್ತು. ಅತ್ತೆ ಎದ್ದರು, ಮಣೆ ಎತ್ತಿ ಗೋಡೆಗೆ ಒರಗಿಸಿದರು.

"ಡಬ್ಬ ಆರಿಸಿಬಿಡೇ," ಅಂದರು.